ಆಡುವಾಗ ಮಾತ್ರ ಮೂರ್ಛೆ

ನಮ್ಮ ಮನೆಯ ಕಂಪ್ಯೂಟರು ಕೆಲಸದ ವಿಷಯದಲ್ಲಿ ಯಾರ ದೂರಿಗೂ ಎಡೆಗೊಡದ ಸಾಧುಜೀವಿ. ನಿವೃತ್ತಿಯ ತರುವಾಯ ನಾನು ಬರೆಯತೊಡಗಿರುವ ತರ್ಕಶಾಸ್ತ್ರದ ಪ್ರವೇಶಿಕೆಯನ್ನು, ಅದರಲ್ಲಿ ಬರುವ ಅವಚ್ಛೇದಕ, ವ್ಯಾಪ್ತಿಗ್ರಹ ಮೊದಲಾದ ಶಬ್ದಗಳ ಒತ್ತಕ್ಷರಗಳ ಸಮೇತ, ಅದು ಬೆಳಗಿನಿಂದ ಮಧ್ಯಾಹ್ನದವರೆಗೆ ಚಕಾರವೆತ್ತದೆ ಸಹಿಸಿಕೊಳ್ಳುತ್ತದೆ. ನನ್ನ ಸೊಸೆ ತನ್ನ ಕಚೇರಿಯ ಲೆಕ್ಕಪತ್ರಗಳನ್ನು ಒಂದರ ಮೇಲೊಂದು ಹರಡಿಕೊಂಡು, ಯಾವ ಮೊಬಲಗು ಯಾವ ಅಂಕಣದಲ್ಲಿ ತಪ್ಪಿಸಿಕೊಂಡಿತೆಂದು ಹಣೆಯನ್ನು ಒತ್ತಿಕೊಳ್ಳುತ್ತ ಕುಳಿತಿರುವಾಗ, ಅವಳಿಗಿಲ್ಲದ ತಾಳ್ಮೆಯನ್ನು ತಾನು ತೋರುತ್ತದೆ. ನೀರಿನ ಕಂದಾಯ, ವಿದ್ಯುತ್ತಿನ ಬಿಲ್ಲು, ಪಿಂಚಣಿದಾರನಾದವನು ತಾನಿನ್ನೂ ಬದುಕಿದ್ದೇನೆಂದು ವರ್ಷಕ್ಕೊಮ್ಮೆ ಸರ್ಕಾರಕ್ಕೆ ಮನಗಾಣಿಸಬೇಕಾದ ಪ್ರಮಾಣಪತ್ರ, ಇವೇ ಮೊದಲಾದ ನೀರಸ ಗೃಹಕೃತ್ಯಗಳಲ್ಲಿ ಅದು ಕೈಕೊಟ್ಟದ್ದನ್ನು ನಾನು ಕಾಣೆ. ಆದರೆ ಸಾಯಂಕಾಲ ಕಾಲೇಜಿನಿಂದ ಬಂದ ಮೊಮ್ಮಗನು ಅದರ ಮುಂದೆ ಆಸೀನನಾಗಿ, ಕಿವಿಗೆ ಹೆಡ್‌ಫೋನನ್ನೇರಿಸಿ, ಯಾವುದೋ ಹೆಸರಿಲ್ಲದ ದೇಶದ ಪಾಳುಬಿದ್ದ ಪಟ್ಟಣವೊಂದರಲ್ಲಿ ಬಂದೂಕು ಹಿಡಿದು ಗೋಡೆಯಿಂದ ಗೋಡೆಗೆ ಸರಿಯುತ್ತ, ಶತ್ರುಪಕ್ಷದವರನ್ನೆಲ್ಲ ಒಬ್ಬೊಬ್ಬರನ್ನಾಗಿ ಉರುಳಿಸಿ, ಇನ್ನೊಬ್ಬನೇ ಒಬ್ಬನು ಉಳಿದಿರಲಾಗಿ ಅವನ ಬೆನ್ನಿಗೆ ಗುರಿಯಿಡುವಷ್ಟರಲ್ಲಿ, ಪರದೆ ತಟಕ್ಕನೆ ಕಪ್ಪಾಗುತ್ತದೆ, ಒಳಗಿನ ಫ್ಯಾನುಗಳ ಸದ್ದು ಒಮ್ಮೆ ಅಡಗಿ ಮತ್ತೆ ಏಳುತ್ತದೆ, ಮತ್ತು ಆ ಸಾಧುಜೀವಿಯು, ನಡುವೆ ಏನೂ ನಡೆದೇ ಇಲ್ಲವೆಂಬ ಮುಖಭಾವದಿಂದ, ಹೊಸದಾಗಿ ಎದ್ದು ಕುಳಿತು ಪಾಸ್‌ವರ್ಡು ಕೇಳುತ್ತದೆ.

ಇದು ನಮ್ಮ ಕುಟುಂಬದ ಒಂದು ಮೂಲಭೂತ ನಂಬಿಕೆಗೇ ವಿರುದ್ಧವಾದ ನಡತೆ. ಕೆಲಸವೆಂಬುದು ಭಾರವಾದದ್ದು, ಆಟವೆಂಬುದು ಹಗುರವಾದದ್ದು ಎಂದು ನಮ್ಮ ತಂದೆಯವರು ನನಗೂ, ನಾನು ನನ್ನ ಮಗನಿಗೂ, ಅವನು ಅವನ ಮಗನಿಗೂ ಕಾಲಕಾಲಕ್ಕೆ ಉಪದೇಶಿಸುತ್ತ ಬಂದಿದ್ದೇವೆ. ಹಾಗಿರುವಲ್ಲಿ, ದಿನವೆಲ್ಲ ದುಡಿದರೂ ದಣಿಯದ ಯಂತ್ರವು ಆಟಕ್ಕೆ ಕುಳಿತೊಡನೆ ಮೂರ್ಛೆ ಹೋಗುವುದೆಂದರೆ ಅದು ಉಪದೇಶದ ದೋಷವೋ ಯಂತ್ರದ ದೋಷವೋ ಎಂಬುದು ತೀರ್ಮಾನವಾಗಬೇಕಾಗಿತ್ತು. ಸೊಸೆಯಾದರೋ ಯಂತ್ರದಲ್ಲಿ ಯಾವ ದೋಷವನ್ನೂ ಕಾಣಲೊಲ್ಲಳು. "ಅದಕ್ಕಾದರೂ ಬುದ್ಧಿ ಇದೆ, ಮಾವ. ರಿಪೇರಿ ಏನೂ ಬೇಡ" ಎಂದು ಅವಳು ಒಳಗಿನಿಂದಲೇ ತೀರ್ಪಿತ್ತಳು.

ರೋಗಿಯೊಬ್ಬನಿದ್ದಲ್ಲಿ ವೈದ್ಯರು ತಾವಾಗಿಯೇ ಹುಟ್ಟಿಕೊಳ್ಳುತ್ತಾರೆ. ನನ್ನ ಹೆಂಡತಿಯು, ಹೊಸ ಗ್ರಾಫಿಕ್ಸ್ ಕಾರ್ಡು ಹಾಕಿಸಿದ ದಿವಸ ಬಂದಿದ್ದ ಬಂಧುವೊಬ್ಬರು ಅದರ ಬಣ್ಣದ ದೀಪಗಳನ್ನು ನೋಡಿ "ಅಬ್ಬಾ, ಎಷ್ಟು ಚೆನ್ನಾಗಿದೆ" ಎಂದಿದ್ದನ್ನು ಜ್ಞಾಪಿಸಿಕೊಂಡು, ಅದಕ್ಕೆ ತಕ್ಕ ಪರಿಹಾರವನ್ನು ಒಣಮೆಣಸಿನಕಾಯಿ ಸಮೇತ ಸೂಚಿಸಿದಳು. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಉದ್ಯೋಗದಲ್ಲಿರುವ ನನ್ನ ಸೋದರಳಿಯನು, ರೋಗಲಕ್ಷಣವನ್ನು ಪೂರ್ತಿಯಾಗಿ ಕೇಳುವುದಕ್ಕೂ ಮೊದಲೇ, "ಮಾವ, ಫಾರ್ಮ್ಯಾಟ್ ಮಾಡಿ ವಿಂಡೋಸ್ ಹೊಸದಾಗಿ ಹಾಕಿಬಿಡಿ" ಎಂದನು. ಅವನ ವೃತ್ತಿಯವರು ಸಕಲ ವ್ಯಾಧಿಗಳಿಗೂ ಪುನರ್ಜನ್ಮವೊಂದನ್ನೇ ಔಷಧವಾಗಿ ವಿಧಿಸುವುದನ್ನು ನಾನು ಬಹುಕಾಲದಿಂದ ನೋಡುತ್ತಿದ್ದೇನೆ. ಅಂಗಡಿಯವನು ರ‍್ಯಾಮ್ ಸಾಲದೆಂದನು, ಏಕೆಂದರೆ ಅವನ ಬಳಿ ರ‍್ಯಾಮ್ ಇತ್ತು.

ಇಂಥ ಸಂದರ್ಭದಲ್ಲಿ ಯಂತ್ರವನ್ನೇ ಕೇಳುವುದು ಲೇಸೆಂದು ಮೊಮ್ಮಗನು ಅದರ ಅಂತರಂಗದ ದಿನಚರಿಯನ್ನು ತೆರೆದನು. ವಿಂಡೋಸಿನೊಳಗೆ ಈವೆಂಟ್ ವ್ಯೂವರ್ ಎಂಬ ಒಂದು ಪುಸ್ತಕವಿದೆಯೆಂದೂ, ಯಂತ್ರಕ್ಕೆ ಆದ ಆಗುಹೋಗುಗಳನ್ನೆಲ್ಲ ಅದು ಕ್ಷಣಕ್ಷಣವೂ ಅದರಲ್ಲಿ ಬರೆದಿಡುತ್ತದೆಯೆಂದೂ ನನಗೆ ಅದುವರೆಗೆ ತಿಳಿದಿರಲಿಲ್ಲ. ಮೂರ್ಛೆ ಹೋದ ಪ್ರತಿಯೊಂದು ಸಂಜೆಯ ಎದುರಿಗೂ ಕೆಂಪು ಗುರುತಿನೊಡನೆ ಕರ್ನಲ್-ಪವರ್ 41 ಎಂಬ ಒಂದು ನಮೂದಿತ್ತು. ಬಹಳ ಗಂಭೀರವಾದ ಶೀರ್ಷಿಕೆ. ಅದರ ಕೆಳಗಿನ ಒಕ್ಕಣೆಯನ್ನು ಓದಿ ನೋಡಲಾಗಿ, ವ್ಯವಸ್ಥೆಯು ಮೊದಲು ಸರಿಯಾಗಿ ಮುಚ್ಚಿಕೊಳ್ಳದೆ ಪುನಃ ಆರಂಭವಾಗಿದೆಯೆಂದು ತಿಳಿದುಬಂದಿತು. ಅಷ್ಟು ನಮಗೂ ಗೊತ್ತಿತ್ತು. ಆದರೂ ತಾರ್ಕಿಕನಾದವನು ಸಾಕ್ಷಿಯ ಮಾತಿನಿಂದ ಮಾತ್ರವಲ್ಲ, ಅವನ ಮೌನದಿಂದಲೂ ಅರ್ಥವನ್ನು ಗ್ರಹಿಸಬೇಕಷ್ಟೆ. ಒಳಗಿನ ಸಾಫ್ಟ್‌ವೇರ್ ಕೆಟ್ಟು ಯಂತ್ರ ಬಿದ್ದಿದ್ದರೆ ಪರದೆ ನೀಲಿಯಾಗಿ ಯಾವುದೋ ಒಂದು ದೋಷಸಂಖ್ಯೆ ದಾಖಲಾಗುವುದು ವಾಡಿಕೆ. ನೀಲಿಪರದೆ ಬಂದೊಡನೆ ತಾನಾಗಿಯೇ ಪುನರಾರಂಭವಾಗಬೇಕೆಂಬ ಏರ್ಪಾಟು ವಿಂಡೋಸಿನಲ್ಲಿ ಮೊದಲೇ ಇರುವುದರಿಂದ ಅದು ನಮ್ಮ ಕಣ್ಣಿಗೆ ಬೀಳದೆಯೂ ಹೋಗಬಹುದೆಂದು, ಆ ಏರ್ಪಾಟನ್ನು ತೆಗೆದುಹಾಕಿಯೂ ನೋಡಿದೆವು. ನೀಲಿ ಬರಲಿಲ್ಲ, ಕಪ್ಪೇ ಬಂದಿತು. ದೋಷಸಂಖ್ಯೆಯ ಜಾಗದಲ್ಲಿ ಶುದ್ಧವಾದ ಸೊನ್ನೆಯಿತ್ತು. ಬರೆದಿಡುವುದಕ್ಕೂ ವ್ಯವಧಾನವಿಲ್ಲದಂತೆ ಪ್ರಾಣ ಹೋಗಿದೆಯೆಂದಮೇಲೆ ಕಾರಣವು ಬುದ್ಧಿಯಲ್ಲಿರದೆ ಶರೀರದಲ್ಲಿಯೇ ಇರಬೇಕೆಂದು ನಾನು ಊಹಿಸಿದೆನು. ಸೋದರಳಿಯನ ಪುನರ್ಜನ್ಮಚಿಕಿತ್ಸೆಗೆ ಅಲ್ಲಿಗೆ ತಡೆ ಬಿದ್ದಿತು.

ನಮ್ಮ ನೈಯಾಯಿಕರು ಕಾರಣವನ್ನು ನಿರ್ಣಯಿಸುವುದಕ್ಕೆ ಅನ್ವಯ ವ್ಯತಿರೇಕಗಳೆಂಬ ಎರಡು ದಾರಿಗಳನ್ನು ಹೇಳಿದ್ದಾರೆ. ಇದು ಇದ್ದಾಗ ಅದು ಉಂಟು, ಇದು ಇಲ್ಲದಾಗ ಅದು ಇಲ್ಲ ಎಂಬೆರಡೂ ಸಿದ್ಧವಾದ ಹೊರತು ಒಂದನ್ನು ಮತ್ತೊಂದರ ಕಾರಣವೆಂದು ಹೇಳತಕ್ಕದ್ದಲ್ಲ. ಮೂವತ್ತು ವರ್ಷಕ್ಕೂ ಮಿಕ್ಕಿ ಈ ಮಾತನ್ನು ಕರಿಹಲಗೆಯ ಮೇಲೆ ಬರೆದವನಿಗೆ ಅದನ್ನು ಪ್ರಯೋಗಿಸಲು ಒಂದು ಪದಾರ್ಥ ದೊರೆತದ್ದು ಇದೇ ಮೊದಲು. ಪ್ರಥಮ ಆಪಾದಿತನಾಗಿ ಕಟಕಟೆಗೆ ಬಂದದ್ದು ಅಡುಗೆಮನೆಯ ಮಿಕ್ಸಿ. ಸಂಜೆ ದೋಸೆಗೆ ಚಟ್ನಿ ರುಬ್ಬುವ ಹೊತ್ತಿಗೆ ಸರಿಯಾಗಿ ಕಂಪ್ಯೂಟರು ಬೀಳುತ್ತಿದ್ದುದನ್ನು ಮೊಮ್ಮಗನು ಕಂಡಿದ್ದನು, ಮತ್ತು "ಅಜ್ಜೀ, ಒಂದ್ ನಿಮಿಷ ನಿಲ್ಸಿ, ಮ್ಯಾಚ್ ನಡೀತಿದೆ" ಎಂಬ ಆರ್ತನಾದವು ಮನೆಯಲ್ಲಿ ನಿತ್ಯದ ಸಂಗತಿಯಾಗಿದ್ದಿತು. ವಿಚಾರಣೆ ನಡೆಸಲಾಗಿ, ಆಟವಿಲ್ಲದಾಗ ಮಿಕ್ಸಿಯನ್ನು ಎಷ್ಟು ಹೊತ್ತು ಗಿರ್ರೆನ್ನಿಸಿದರೂ ಕಂಪ್ಯೂಟರಿಗೆ ಏನೂ ಆಗಲಿಲ್ಲ. ಚಟ್ನಿಯಿಲ್ಲದೆ ಉಪ್ಪಿಟ್ಟಾದ ದಿನಗಳಲ್ಲಿಯೂ ಆಟದ ನಡುವೆ ಅದು ಬಿದ್ದಿತು. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋದ ಸಂಗತಿ ಇದೆಂದು ನಾನು ತೀರ್ಪಿತ್ತು ಮಿಕ್ಸಿಯನ್ನು ಗೌರವಪೂರ್ವಕವಾಗಿ ಬಿಡುಗಡೆ ಮಾಡಿದೆನು. ಹೆಂಡತಿಯು ಮಾತ್ರ, ಇಷ್ಟು ದಿನ ನಿಂತು ನಿಂತು ರುಬ್ಬಿದ ತರಿತರಿ ಚಟ್ನಿಗೆ ಯಾರು ಹೊಣೆಯೆಂದು ಕೇಳಿದಳು.

ಎರಡನೆಯ ಸಂಶಯವು ಮನೆಯೊಳಗೆ ಬರುವ ವಿದ್ಯುತ್ತಿನ ಮೇಲೆ ಬಿದ್ದಿತು. ಇದನ್ನು ಗಟ್ಟಿಯಾಗಿ ಆಡಬಾರದಾಗಿತ್ತು, ಏಕೆಂದರೆ ನಮ್ಮ ಪಕ್ಕದ ಮನೆಯಲ್ಲಿರುವವರು ವಿದ್ಯುಚ್ಛಕ್ತಿಯ ಇಲಾಖೆಯಲ್ಲಿ ಬಾಳನ್ನೆಲ್ಲ ಸವೆಸಿ ನಿವೃತ್ತರಾದ ಇಂಜಿನಿಯರು. ಅವರ ದೃಷ್ಟಿಯಲ್ಲಿ ಕಂಬದಿಂದ ಮೀಟರಿನವರೆಗಿನ ಪ್ರದೇಶವು ದೋಷಕ್ಕೆ ಪ್ರವೇಶವಿಲ್ಲದ ಪುಣ್ಯಕ್ಷೇತ್ರ. ಜಗತ್ತಿನಲ್ಲಿ ಸಂಭವಿಸುವ ಸಕಲ ವಿದ್ಯುದ್ದೋಷಗಳೂ ಮೀಟರಿನ ಈಚೆಗೆ, ಬಳಕೆದಾರನ ಅಜ್ಞಾನದಿಂದ ಹುಟ್ಟತಕ್ಕವು. ಸಂಶಯವು ಅವರ ಕಿವಿಗೆ ಬಿದ್ದ ಸಂಜೆಯೇ ಅವರು ಮಲ್ಟಿಮೀಟರನ್ನು ಕೈಯಲ್ಲಿ ಹಿಡಿದು ನಮ್ಮ ಹಜಾರವನ್ನು ಪ್ರವೇಶಿಸಿದರು. "ಮೇಷ್ಟ್ರೇ, ದಿವಾನ್ ಶೇಷಾದ್ರಿ ಅಯ್ಯರ್ ಅವರು ಶಿವನಸಮುದ್ರದ ಕರೆಂಟನ್ನ ಕೋಲಾರದ ಗಣಿಗೆ ಕಳಿಸೋಕೆ ಹೊರಟಾಗ ಇಂಥ ಮಾತನ್ನ ಎಷ್ಟು ಜನ ಆಡಿರಬಹುದು ಗೊತ್ತೇ?" ಎಂದು ಆರಂಭಿಸಿ, 1902ರಲ್ಲಿ ಆ ಕಾವೇರಿಯ ವಿದ್ಯುತ್ತು ಸುಮಾರು 147 ಕಿಲೋಮೀಟರು ತಂತಿಯ ಮೇಲೆ ಪ್ರಯಾಣ ಮಾಡಿ ಗಣಿಯನ್ನು ಮುಟ್ಟಿದ್ದನ್ನೂ, ದಿವಾನರು ಅದಕ್ಕೆ ಮುಂಚಿನ ವರ್ಷವೇ ತೀರಿಕೊಂಡು ಅದನ್ನು ನೋಡದೇ ಹೋದದ್ದನ್ನೂ, 1905ರಲ್ಲಿ ಬೆಂಗಳೂರಿನ ಬೀದಿದೀಪಗಳು ಬೆಳಗಿದ್ದನ್ನೂ, ತಾವೇ ಸ್ವಿಚ್ಚು ಒತ್ತಿದವರ ಉತ್ಸಾಹದಿಂದ ವರ್ಣಿಸಿದರು. ಅನಂತರ ಗೋಡೆಯ ಸಾಕೆಟ್ಟಿಗೆ ಕಡ್ಡಿಗಳನ್ನು ಚುಚ್ಚಿ, 228 ಎಂಬ ಅಂಕಿಯನ್ನು ಮಗುವಿನ ಮುಖದಂತೆ ನಮಗೆಲ್ಲ ತೋರಿಸಿದರು. 230 ಇರಬೇಕಾದಲ್ಲಿ 228. ಇದಕ್ಕಿಂತ ಸಾಧುವಾದ ವೋಲ್ಟೇಜು ಎಲ್ಲಿಯೂ ಸಿಕ್ಕುವುದಿಲ್ಲವೆಂದೂ, ಆಟದ ನಡುವೆ ಯಂತ್ರ ಬಿದ್ದ ಕ್ಷಣದಲ್ಲಿಯೂ ಅಂಕಿ ಅಲ್ಲಾಡಲಿಲ್ಲವೆಂದೂ ಅವರು ಸಾಕ್ಷಿಸಮೇತ ಸ್ಥಾಪಿಸಿದರು. ನಡುವೆ ಇದ್ದ ಯು.ಪಿ.ಎಸ್. ಪೆಟ್ಟಿಗೆಯ ಮೇಲೆ 600 ವಿ.ಎ. ಎಂದು ದಪ್ಪಕ್ಷರದಲ್ಲಿಯೂ 360 ವ್ಯಾಟ್ ಎಂದು ಸಣ್ಣಕ್ಷರದಲ್ಲಿಯೂ ಇದ್ದುದನ್ನು ಬೊಟ್ಟುಮಾಡಿ, ಲೋಕವು ದಪ್ಪಕ್ಷರವನ್ನು ಓದಿ ಮೋಸಹೋಗುತ್ತದೆಯೆಂದು ನಿಟ್ಟುಸಿರಿಟ್ಟರು. ಯು.ಪಿ.ಎಸ್. ತಪ್ಪಿಸಿ ನೇರವಾಗಿ ಗೋಡೆಗೆ ಚುಚ್ಚಿದಾಗಲೂ ಮೂರ್ಛೆ ನಿಲ್ಲಲಿಲ್ಲವಾಗಿ ಅದೂ ಬಿಡುಗಡೆಯಾಯಿತು.

ಆದರೆ ಅವರ ಆಗಮನದಿಂದ ಮತ್ತೊಂದು ರಹಸ್ಯ ಬಯಲಾಯಿತು. ಕಂಪ್ಯೂಟರಿನ ಕಬ್ಬಿಣದ ಮೈಯನ್ನು ಬರಿಗಾಲಲ್ಲಿ ನಿಂತು ಮುಟ್ಟಿದರೆ ಬೆರಳು ಜುಮ್ಮೆನ್ನುವುದೆಂದು ನನ್ನ ಹೆಂಡತಿ ಬಹುದಿನಗಳಿಂದ ಹೇಳುತ್ತಿದ್ದಳು. ಒರಸುವ ಕೆಲಸದಿಂದ ತಪ್ಪಿಸಿಕೊಳ್ಳುವ ಉಪಾಯವೆಂದು ನಾವು ಯಾರೂ ಅದಕ್ಕೆ ಕಿವಿಗೊಟ್ಟಿರಲಿಲ್ಲ. ಇಂಜಿನಿಯರು ಅದನ್ನು ಕೇಳಿ ಕುರ್ಚಿಯಿಂದೆದ್ದರು. ವಿದ್ಯುತ್ತನ್ನು ಒಳಗೆ ಹದಗೊಳಿಸುವ ಪೆಟ್ಟಿಗೆಯ ಬಾಗಿಲಲ್ಲಿ, ಅನಗತ್ಯವಾದ ಕಂಪನಗಳನ್ನು ಸೋಸಿ ನೆಲಕ್ಕೆ ಕಳುಹಿಸುವ ಎರಡು ಸಣ್ಣ ಕೆಪ್ಯಾಸಿಟರುಗಳಿರುತ್ತವಂತೆ. ನೆಲಕ್ಕೆ ಹೋಗುವ ದಾರಿಯೇ ಇಲ್ಲದಿದ್ದಲ್ಲಿ ಅವು ಆ ಹೊರೆಯನ್ನು ಕಬ್ಬಿಣದ ಮೈಗೆ ಇಳಿಸುತ್ತವೆ, ಮತ್ತು ಮೈಯ ಮೇಲೆ ಮೈನ್ಸಿನ ಅರ್ಧದಷ್ಟು ವೋಲ್ಟೇಜು ನಿಲ್ಲುತ್ತದೆ. ಹರಿಯುವ ಪ್ರವಾಹ ಅತ್ಯಲ್ಪವಾದುದರಿಂದ ಜುಮ್ಮೆನ್ನುವುದಷ್ಟೇ ಆಗುತ್ತದೆ. ಗೋಡೆಯ ಹಲಗೆಯನ್ನು ಬಿಚ್ಚಿ ನೋಡಿದಾಗ, ಅರ್ಥಿಂಗಿನ ಹಸುರು ತಂತಿಯು ಗಾರೆಯೊಳಕ್ಕೆ ಒಂದು ಗೇಣು ಹೋಗಿ ಅಲ್ಲಿಯೇ ಯಾವುದಕ್ಕೂ ಅಂಟದೆ ಮುಗಿದಿತ್ತು. ಮನೆ ಕಟ್ಟಿದಾಗಿನಿಂದಲೂ ಅದು ಅಲ್ಲಿ ಕೇವಲ ಅಲಂಕಾರಕ್ಕಾಗಿ ಇದ್ದಿರಬೇಕು. ಕಾಂಪೌಂಡಿನ ಮೂಲೆಯಲ್ಲಿ ಗುಂಡಿ ತೋಡಿ, ಇದ್ದಿಲು ಉಪ್ಪುಗಳನ್ನು ಪದರಪದರವಾಗಿ ತುಂಬಿ, ಕೊಳವೆ ನೆಟ್ಟು ನೀರೆರೆದು, ತಂತಿಗೆ ಭೂದೇವಿಯ ದರ್ಶನ ಮಾಡಿಸಿದ್ದಾಯಿತು. ಜುಮ್ಮೆನ್ನುವುದು ಸಂಪೂರ್ಣವಾಗಿ ನಿಂತಿತು. ಮೂರ್ಛೆಗೆ ಮಾತ್ರ ಯಾವ ಬಾಧೆಯೂ ಆಗಲಿಲ್ಲ. ಹೆಂಡತಿಯು ಅಂದಿನಿಂದ ಮನೆಯಲ್ಲಿ ಆಪ್ತವಾಕ್ಯದ ಪದವಿಯನ್ನು ಪಡೆದಿದ್ದಾಳೆ.

ಇಷ್ಟರಲ್ಲಿ ಮೊಮ್ಮಗನು ಒಂದು ಸೂಕ್ಷ್ಮವಾದ ಸಿದ್ಧಾಂತವನ್ನು ಮಂಡಿಸಿದ್ದನು. ದೋಷವು ಆಡುವಾಗ ಮಾತ್ರ ಪ್ರಕಟವಾಗುವುದರಿಂದ, ಅದನ್ನು ಪರೀಕ್ಷಿಸುವುದಕ್ಕೆ ಆಡದೆ ಗತ್ಯಂತರವಿಲ್ಲ, ಮತ್ತು ಪ್ರತಿಯೊಂದು ಬದಲಾವಣೆಯ ನಂತರವೂ ಸಾಕಷ್ಟು ಹೊತ್ತು ಆಡಿದಲ್ಲದೆ ಫಲಿತಾಂಶವು ಪ್ರಮಾಣವಾಗಲಾರದು. ತರ್ಕದಲ್ಲಿ ನಾನು ದೋಷ ಕಾಣಲಿಲ್ಲ. ಪರೀಕ್ಷೆಗಳು ಹತ್ತಿರವಾಗಿದ್ದ ಆ ದಿನಗಳಲ್ಲಿ ಅವನು ವಿಜ್ಞಾನದ ಹೆಸರಿನಲ್ಲಿ ಬೆಳಗೂ ಸಂಜೆಯೂ ಬಂದೂಕು ಹಿಡಿದನು. "ಕಂಪ್ಯೂಟರು ಹುಟ್ಟಿದ್ದು ಕೆಲಸಕ್ಕೆ, ಹುಡುಗಾಟಕ್ಕಲ್ಲ" ಎಂದು ಸೊಸೆ ಗುಡುಗಿದಾಗ ಅವನು ತನ್ನ ಪರವಾಗಿ ಚರಿತ್ರೆಯನ್ನೇ ತಂದು ನಿಲ್ಲಿಸಿದನು. 1958ರಲ್ಲಿ ಅಮೆರಿಕದ ಬ್ರೂಕ್‌ಹೇವನ್ ಪ್ರಯೋಗಾಲಯದಲ್ಲಿ, ಹಿಂದೆ ಅಣುಬಾಂಬಿನ ಯೋಜನೆಯಲ್ಲಿ ದುಡಿದಿದ್ದ ವಿಲಿಯಂ ಹಿಗಿನ್‌ಬಾಥಮ್ ಎಂಬ ಭೌತವಿಜ್ಞಾನಿಯು, ಪ್ರಯೋಗಾಲಯವನ್ನು ನೋಡಲು ಬರುವವರ ಬೇಸರ ಕಳೆಯಲೆಂದು ಆಸಿಲೋಸ್ಕೋಪಿನ ಅಂಗೈಯಗಲದ ಪರದೆಯ ಮೇಲೆ ಟೆನಿಸ್ ಆಡಿಸಿದ್ದನು. 1962ರಲ್ಲಿ ಎಂ.ಐ.ಟಿ.ಯ ಹುಡುಗರು, ಸುಮಾರು 1,20,000 ಡಾಲರು ಬೆಲೆಬಾಳುವ ಪಿ.ಡಿ.ಪಿ.-1 ಎಂಬ ಯಂತ್ರ ಕೈಗೆ ಸಿಕ್ಕಿದ್ದೇ ತಡ, ಅದರ ಮೇಲೆ ಎರಡು ನೌಕೆಗಳು ನಕ್ಷತ್ರವೊಂದರ ಸುತ್ತ ಕಾದಾಡುವ ಸ್ಪೇಸ್‌ವಾರ್ ಎಂಬ ಆಟವನ್ನು ರಚಿಸಿದರು. ಮತ್ತು ಸ್ವಾರಸ್ಯವೇನೆಂದರೆ, ಆ ಆಟವು ಯಂತ್ರದ ಅಂಗಾಂಗಗಳೆಲ್ಲವನ್ನೂ ಒಟ್ಟಿಗೆ ದುಡಿಸುತ್ತಿದ್ದುದರಿಂದ, ಹೊಸ ಯಂತ್ರಗಳು ಸರಿಯಾಗಿವೆಯೇ ಎಂದು ನೋಡುವುದಕ್ಕೆ ತಯಾರಕರೇ ಅದನ್ನು ಉಪಯೋಗಿಸಿಕೊಂಡರು. ಇಷ್ಟನ್ನೂ ಹೇಳಿ ಮೊಮ್ಮಗನು, 2012ರಲ್ಲಿ ಟೊರಾಂಟೊದ ವಿದ್ಯಾರ್ಥಿಗಳು ಚಿತ್ರಗಳನ್ನು ಗುರುತಿಸುವ ಕೃತಕ ಬುದ್ಧಿಗೆ ಪಾಠ ಹೇಳಿದ್ದು ಆಟಕ್ಕೆಂದೇ ಮಾಡಿದ ಎರಡು ಗ್ರಾಫಿಕ್ಸ್ ಕಾರ್ಡುಗಳ ಮೇಲೆ ಎಂದು ಉಪಸಂಹಾರ ಮಾಡಿದನು. ಆಟಗಾರರ ಹಟದಿಂದ ಬೆಳೆದ ಕಾರ್ಡನ್ನು ಇಂದು ದೊಡ್ಡವರೆಲ್ಲ ಸಾಲುನಿಂತು ಕೊಳ್ಳುತ್ತಿದ್ದಾರೆಂಬುದು ನಿಜವೇ. ಸೊಸೆಯು ಇದಕ್ಕೆ ಪ್ರತಿಯಾಗಿ ಅವನ ಕಳೆದ ಸೆಮಿಸ್ಟರಿನ ಅಂಕಪಟ್ಟಿಯನ್ನು ತಂದಳಾಗಿ ಚರ್ಚೆ ಮುಂದುವರಿಯಲಿಲ್ಲ.

ಮೂರನೆಯ ಆಪಾದಿತನು ಶಾಖ. ಪಕ್ಕದ ಮುಚ್ಚಳ ಬಿಚ್ಚಿದಾಗ ಒಳಗೆ ಕಂಡದ್ದು ಒಂದು ಸಣ್ಣ ಸಂಸಾರ: ಫ್ಯಾನಿನ ರೆಕ್ಕೆಗಳ ಮೇಲೆ ಕಂಬಳಿಯಂತಹ ಧೂಳು, ತಂತಿಗಳ ಸಂದಿಯಲ್ಲಿ ಎರಡು ಹಲ್ಲಿಮೊಟ್ಟೆಯ ಚಿಪ್ಪು, ಎಂದೋ ತೀರಿಕೊಂಡ ಒಂದು ಜಿರಳೆ. 1947ರಲ್ಲಿ ಹಾರ್ವರ್ಡಿನ ಮಾರ್ಕ್ 2 ಯಂತ್ರದ ರಿಲೇಯಲ್ಲಿ ಸಿಕ್ಕಿಬಿದ್ದ ಪತಂಗವೊಂದನ್ನು ಅಲ್ಲಿನವರು ದಿನಚರಿಯ ಪುಸ್ತಕಕ್ಕೆ ಅಂಟಿಸಿ ಕಾಪಾಡಿದ್ದಾರೆಂದು ನಾನು ಬಲ್ಲೆನಾದರೂ, ನಮ್ಮ ಜಿರಳೆಗೆ ಆ ಗೌರವ ದಕ್ಕಲಿಲ್ಲ. ಬ್ಲೋವರು ಹಿಡಿದು ಊದುವಾಗ ಫ್ಯಾನನ್ನು ಬೆರಳಿನಿಂದ ಒತ್ತಿಹಿಡಿಯಬೇಕು, ಸ್ವೇಚ್ಛೆಯಾಗಿ ತಿರುಗಲು ಬಿಟ್ಟರೆ ಅದು ಕೆಡುವ ಸಂಭವವುಂಟು. ಅನಂತರ ಪ್ರೊಸೆಸರಿನ ಮೇಲಿನ ಥರ್ಮಲ್ ಪೇಸ್ಟು ಒಣಗಿ ಸುಣ್ಣದಂತಾಗಿದ್ದುದನ್ನು ಕೆರೆದು ಹೊಸದನ್ನು ಹಚ್ಚುವ ಘಟ್ಟ ಬಂದಿತು. ಈ ಪೇಸ್ಟನ್ನು ಹಚ್ಚುವ ವಿಧಾನದಲ್ಲಿ ಪಂಗಡಗಳಿವೆಯೆಂಬುದು ಆಗ ತಿಳಿಯಿತು. ನಡುವೆ ಒಂದು ಬೊಟ್ಟು ಸಾಕೆನ್ನುವವರುಂಟು, ಉದ್ದನೆಯ ಒಂದೇ ಗೆರೆಯೇ ಶಾಸ್ತ್ರವೆನ್ನುವವರುಂಟು, ಎರಡು ಗೆರೆಗಳನ್ನು ಒಂದರ ಮೇಲೊಂದು ಕತ್ತರಿಯಾಗಿ ಎಳೆಯದಿದ್ದರೆ ಸದ್ಗತಿಯಿಲ್ಲವೆನ್ನುವವರುಂಟು. ವಡಗಲೆ ತೆಂಗಲೆಯವರ ನಾಮದ ವ್ಯಾಜ್ಯಕ್ಕೆ ಇದೇನೂ ಕಡಿಮೆಯಲ್ಲ, ಕೋರ್ಟಿನ ಮೆಟ್ಟಿಲು ಹತ್ತುವುದೊಂದು ಬಾಕಿ. ಮೊಮ್ಮಗನು ಬೊಟ್ಟಿನ ಪಂಗಡದವನು. ಇಷ್ಟೆಲ್ಲ ಆದಮೇಲೆ ಆಟದ ಕಾಲದಲ್ಲಿ 92 ಡಿಗ್ರಿ ಮುಟ್ಟುತ್ತಿದ್ದ ಪ್ರೊಸೆಸರು 74ಕ್ಕೆ ಇಳಿಯಿತು. ಎಲ್ಲರೂ ಸಂತೋಷಪಟ್ಟರು, ಮತ್ತು ಅದೇ ರಾತ್ರಿ ಯಂತ್ರವು ತಂಪಾದ ಮೈಯಲ್ಲಿಯೇ ಮೂರ್ಛೆ ಹೋಯಿತು. ಆಲೋಚಿಸಿ ನೋಡಿದರೆ ಶಾಖವು ಮೊದಲೇ ದುರ್ಬಲವಾದ ಹೇತು. ಇಂದಿನ ಪ್ರೊಸೆಸರುಗಳಲ್ಲಿ ಬಹಳಷ್ಟು ತಮ್ಮ ಮಿತಿಯಾದ 100 ಡಿಗ್ರಿಯ ಆಸುಪಾಸಿಗೆ ಬಂದಾಗ ಮೊದಲು ತಮ್ಮ ವೇಗವನ್ನು ತಾವೇ ತಗ್ಗಿಸಿಕೊಳ್ಳುತ್ತವೆ, ಮಿತಿ ಮೀರಿದರೆ ಆರಿಹೋಗುತ್ತವೆ. ನಮ್ಮದು ನಿಧಾನವಾಗುತ್ತಿರಲಿಲ್ಲ, ಆರಿ ಸುಮ್ಮನಿರುತ್ತಲೂ ಇರಲಿಲ್ಲ, ಬಿದ್ದ ಮರುಗಳಿಗೆಗೆ ಏಳುತ್ತಿತ್ತು. ರ‍್ಯಾಮಿನ ಪರೀಕ್ಷೆಗೆ ಒಂದು ರಾತ್ರಿಯಿಡೀ ಬೇಕಾಯಿತು. ಬೆಳಗಾದಾಗ ಅದು ನಿರ್ದೋಷಿಯೆಂದು ಪರದೆ ಸಾರುತ್ತಿತ್ತು. ಅಂಗಡಿಯವನಿಗೆ ಈ ಸುದ್ದಿಯನ್ನು ಯಾರೂ ತಿಳಿಸಲಿಲ್ಲ.

ಅಷ್ಟು ಹೊತ್ತಿಗೆ ಸೊಸೆಯು ತನ್ನ ಕಚೇರಿಯಿಂದ ಒಂದು ಭಯಂಕರವಾದ ವಾರ್ತೆಯನ್ನು ತಂದಳು. ಆಟವನ್ನು ಆಡದೆಯೇ ಗ್ರಾಫಿಕ್ಸ್ ಕಾರ್ಡಿನ ಮೇಲೂ ಪ್ರೊಸೆಸರಿನ ಮೇಲೂ ಪೂರ್ಣವಾದ ಭಾರವನ್ನು ಹೊರಿಸಿ ಪರೀಕ್ಷಿಸುವ ಪ್ರೋಗ್ರಾಮುಗಳಿವೆಯಂತೆ, ಅವು ಧರ್ಮಾರ್ಥವಾಗಿಯೇ ದೊರೆಯುತ್ತವಂತೆ, ಮತ್ತು ಅವು ನಡೆಯುತ್ತಿರುವಾಗ ಮನುಷ್ಯನು ಪಕ್ಕದ ಕೋಣೆಯಲ್ಲಿ ಕುಳಿತು ಓದಿಕೊಳ್ಳಬಹುದಂತೆ. ಮೊಮ್ಮಗನ ಮುಖವನ್ನು ನೋಡಿದೆನು. ಈ ವಾರ್ತೆ ಅವನಿಗೆ ಹೊಸದಲ್ಲವೆಂಬುದಕ್ಕೆ ಬೇರೆ ಪ್ರಮಾಣ ಬೇಕಿರಲಿಲ್ಲ. ಆ ಪ್ರೋಗ್ರಾಮನ್ನು ಹೂಡಿದ್ದಾಯಿತು. ಪರದೆಯ ಮೇಲೆ ರೋಮಮಯವಾದ ಒಂದು ಉಂಗುರ ನಿಧಾನವಾಗಿ ತಿರುಗತೊಡಗಿತು, ಫ್ಯಾನುಗಳು ಭೋರ್ಗರೆದವು, ಇಂಜಿನಿಯರು ತಂದಿದ್ದ ವ್ಯಾಟ್ ಮೀಟರು 350ಕ್ಕೆ ಏರಿ ನಿಂತಿತು. ನಾನು ಬೆರಳಚ್ಚು ಮಾಡುವಾಗ ಅದೇ ಮೀಟರು 60ನ್ನು ದಾಟಿದ್ದಿಲ್ಲ. ನನ್ನ ತರ್ಕಶಾಸ್ತ್ರದ ಆರರಷ್ಟು ತೂಕ ಒಂದು ಆಟಕ್ಕಿದೆಯೆಂದು ಅಂಕಿಗಳೇ ಹೇಳುತ್ತಿರುವಾಗ ನಾನು ಏನೆಂದು ವಾದಿಸಲಿ? ಉಂಗುರ ತಿರುಗಿತು, ಊಟವಾಯಿತು, ಹಾಸಿಗೆ ಹಾಸಿದ್ದಾಯಿತು. ಯಂತ್ರ ಬೀಳಲಿಲ್ಲ. ಸೊಸೆಯು ವಿಜಯದ ನಗೆ ನಕ್ಕು ಮಲಗಲು ಹೋದಮೇಲೆ ಮೊಮ್ಮಗನು ಮೆಲ್ಲಗೆ ಆಟವನ್ನು ತೆರೆದನು. ಯಂತ್ರ ಬಿದ್ದಿತು.

ಆ ರಾತ್ರಿ ನನಗೆ ಬಹಳ ಹೊತ್ತು ನಿದ್ರೆ ಬರಲಿಲ್ಲ, ದುಃಖದಿಂದಲ್ಲ. ಹೊಗೆಯಿದ್ದಲ್ಲಿ ಬೆಂಕಿಯುಂಟೆಂಬುದು ಸರಿ, ಬೆಂಕಿಯಿದ್ದಲ್ಲೆಲ್ಲ ಹೊಗೆಯುಂಟೆಂಬುದು ಮಾತ್ರ ಸರಿಯಲ್ಲ. ಕಾದು ಕೆಂಪಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯಿದ್ದರೂ ಹೊಗೆಯಿಲ್ಲ. ಹೊಗೆಯಾಗಬೇಕಾದರೆ ಬೆಂಕಿಯ ಜೊತೆಗೆ ಹಸಿಯ ಸೌದೆ ಬೇಕು. ಈ ಹಸಿಯ ಸೌದೆಗೆ ನಮ್ಮವರು ಉಪಾಧಿಯೆಂದು ಹೆಸರಿಟ್ಟು ಗ್ರಂಥಗಟ್ಟಲೆ ಬರೆದಿದ್ದಾರೆ. ಭಾರವಿದ್ದಲ್ಲಿ ಮೂರ್ಛೆಯುಂಟೆಂದು ನಾವು ತಿಳಿದಿದ್ದೆವು. ಪೂರ್ಣಭಾರವನ್ನು ಹೊತ್ತ ಉಂಗುರದಲ್ಲಿ ಮೂರ್ಛೆಯಿಲ್ಲದಿರಲಾಗಿ, ಆಟದಲ್ಲಿರುವ ಮತ್ತು ಉಂಗುರದಲ್ಲಿಲ್ಲದ ಹಸಿಯ ಸೌದೆ ಯಾವುದು? ಬೆಳಿಗ್ಗೆ ನಾನು ಮೊಮ್ಮಗನ ಪಕ್ಕದಲ್ಲಿ ಕುಳಿತು ಆಟವನ್ನು ನೋಡಿದೆನು. ಅವನು ಕತ್ತಲೆಯ ಓಣಿಯಲ್ಲಿ ಅಡಗಿ ಕುಳಿತಿದ್ದಾಗ ಮೀಟರಿನ ಅಂಕಿ ತಗ್ಗುತ್ತಿತ್ತು. ಬಯಲಿಗೆ ಹಾರಿ, ಬಾಂಬು ಸಿಡಿದು, ಹೊಗೆ ಬೆಂಕಿ ಚೂರುಗಳು ಒಮ್ಮೆಗೇ ಕಣ್ಣೆದುರು ಎದ್ದಾಗ ಅಂಕಿ ಜಿಗಿಯುತ್ತಿತ್ತು. ಮತ್ತೆ ಬೀಳುತ್ತಿತ್ತು, ಮತ್ತೆ ಜಿಗಿಯುತ್ತಿತ್ತು. ಆಟದ ಮೊದಲ ಪಟ್ಟಿ ಪರದೆಯ ಮೇಲಿರುವಾಗ, ಮಾಡುವುದಕ್ಕೆ ಏನೂ ಕೆಲಸವಿಲ್ಲದ ಕಾರ್ಡು ಅದೇ ಚಿತ್ರವನ್ನು ಸೆಕೆಂಡಿಗೆ ನೂರಾರು ಸಲ ಬರೆಯುತ್ತ, ಮಿಡತೆಯ ಧ್ವನಿಯಲ್ಲಿ ಚಿರ್ರೆನ್ನುತ್ತಿತ್ತು. ಅದರ ಪ್ರಕೃತಿಯೇ ಅವಿಶ್ರಾಂತ. ಭಾರವಲ್ಲ, ಆಕಸ್ಮಿಕತೆ!

ಇದನ್ನು ನಾನು ಇಂಜಿನಿಯರಿಗೆ ಹೇಳಲು, ಅವರು ಯಾವ ಆಶ್ಚರ್ಯವನ್ನೂ ತೋರದೆ, "ಅದನ್ನೇ ನಾನು ಮೊದಲಿಂದ ಹೇಳ್ತಿರೋದು. ಮೀಟರಿನ ಈಚೆಗೆ ನೋಡಿ" ಎಂದರು. ಅವರು ಹಾಗೆ ಹೇಳಿದ್ದು ನಿಜವಾದರೂ, ಅವರ ಮಟ್ಟಿಗೆ ಭೂಕಂಪದ ಕಾರಣವೂ ಮೀಟರಿನ ಈಚೆಯದೇ. ಕಂಪ್ಯೂಟರಿನ ಹಿಂಭಾಗದ ಮೂಲೆಯಲ್ಲಿ ಎಸ್.ಎಂ.ಪಿ.ಎಸ್. ಎಂಬ ಒಂದು ಕಪ್ಪು ಡಬ್ಬಿಯಿರುತ್ತದೆ. ಗೋಡೆಯ 230 ವೋಲ್ಟನ್ನು 12, 5, 3.3 ಎಂಬ ಸಣ್ಣ ಸಣ್ಣ ವೋಲ್ಟುಗಳಾಗಿ ಬಡಿಸುವ ಪಾಕಶಾಲೆಯದು. ಗ್ರಾಫಿಕ್ಸ್ ಕಾರ್ಡಿನ ಊಟ ಬಹುಮಟ್ಟಿಗೆ 12 ವೋಲ್ಟಿನದೇ. ಕೂರುವ ಗೂಡಿನಿಂದ 75 ವ್ಯಾಟಿನವರೆಗೆ ಎಳೆದುಕೊಂಡು, ಮಿಕ್ಕದ್ದನ್ನು ಎಂಟು ಸೂಜಿಗಳ ಕನೆಕ್ಟರುಗಳ ಮೂಲಕ, ಒಂದೊಂದರಿಂದ 150 ವ್ಯಾಟಿನವರೆಗೆ, ಹೀರುತ್ತದೆ. ನಮ್ಮ ಕಾರ್ಡಿನ ಪೆಟ್ಟಿಗೆಯ ಮೇಲೆ 220 ವ್ಯಾಟ್ ಎಂದಿತ್ತು. ಆದರೆ ಇದು ಸರಾಸರಿಯ ಮಾತು. ಬಾಂಬು ಸಿಡಿಯುವ ಆ ಗಳಿಗೆಯಲ್ಲಿ, ಸೆಕೆಂಡಿನ ಸಾವಿರದಲ್ಲೊಂದು ಭಾಗಕ್ಕೂ ಕಡಿಮೆಯಾದ ಕಾಲ, ಇಂಥ ಕಾರ್ಡು ತನ್ನ ಸರಾಸರಿಯ ಎರಡರಷ್ಟನ್ನು ಬೇಡಬಲ್ಲುದು. ಗೋಡೆಯ ಮೀಟರಿಗೆ ಅಷ್ಟು ಚುರುಕಿಲ್ಲ, ಅದಕ್ಕೆ ಅದು ಕಾಣಿಸುವುದೇ ಇಲ್ಲ. ಕಾಣುವುದು ಎಸ್.ಎಂ.ಪಿ.ಎಸ್.ಗೆ. 12 ವೋಲ್ಟು 11.4ರಿಂದ 12.6ರ ಒಳಗೆ ನಿಂತಿದೆಯೆಂಬುದಕ್ಕೆ ಸಾಕ್ಷಿಯಾಗಿ ಅದು ಮದರ್‌ಬೋರ್ಡಿಗೆ ಸದಾ ಒಂದು ತಂತಿಯ ಮೂಲಕ ಕ್ಷೇಮಸಮಾಚಾರ ಕಳುಹಿಸುತ್ತಿರುತ್ತದೆ. ಆ ಹಠಾತ್ತಾದ ಬೇಡಿಕೆಗೆ ವೋಲ್ಟೇಜು ಕುಸಿದಾಗ ಆ ಸಮಾಚಾರ ಒಂದು ಗಳಿಗೆ ನಿಂತುಹೋಗುತ್ತದೆ. ಮದರ್‌ಬೋರ್ಡು ಪ್ರಶ್ನೆಯನ್ನೇ ಕೇಳದೆ ಪ್ರೊಸೆಸರಿನ ಕತ್ತನ್ನು ಒತ್ತಿ, ಸಮಾಚಾರ ಮತ್ತೆ ಬಂದೊಡನೆ ಕೈಬಿಡುತ್ತದೆ. ಇದಕ್ಕೇ ನಾವು ಪುನರಾರಂಭವೆನ್ನುವುದು. ನೀಲಿಪರದೆ ಬರೆಯುವುದಕ್ಕೆ ವಿಂಡೋಸಿಗೆ ಉಸಿರು ಎಲ್ಲಿಯದು? ಕಾರ್ಡುಗಳ ಈ ಸ್ವಭಾವವನ್ನು ಕಂಡು, 2022ರಲ್ಲಿ ಬಂದ ಎ.ಟಿ.ಎಕ್ಸ್. 3.0 ಎಂಬ ನಿಯಮಾವಳಿಯು, ದೊಡ್ಡ ಕಾರ್ಡುಗಳಿಗಾಗಿ ಮಾಡಿದ ಎಸ್.ಎಂ.ಪಿ.ಎಸ್.ಗಳು ತಮ್ಮ ಶಕ್ತಿಯ ಇಮ್ಮಡಿಯನ್ನು 100 ಮೈಕ್ರೋಸೆಕೆಂಡಿನ ಮಟ್ಟಿಗಾದರೂ ತಡೆದುಕೊಳ್ಳಬೇಕೆಂದು ವಿಧಿಸಿತು. ನಮ್ಮ ಡಬ್ಬಿಯಾದರೋ ಕ್ಯಾಬಿನೆಟ್ಟಿನ ಜೊತೆಗೆ ಉಚಿತವಾಗಿ ಬಂದದ್ದು. ಮೇಲೆ 450 ವ್ಯಾಟ್ ಎಂದು ಬರೆದಿದ್ದರೂ, ಪಕ್ಕದ ಸಣ್ಣಕ್ಷರಗಳ ಕೋಷ್ಟಕವನ್ನು ಇಂಜಿನಿಯರು ಕನ್ನಡಕ ಏರಿಸಿ ಓದಲಾಗಿ, 12 ವೋಲ್ಟಿನ ಪಾಲಿಗೆ ಬಂದದ್ದು ಅದಕ್ಕಿಂತ ಬಹಳ ಕಡಿಮೆಯಿದ್ದು, ಮಿಕ್ಕದ್ದು ಯಾರಿಗೂ ಬೇಡದ ಸಣ್ಣ ವೋಲ್ಟುಗಳ ಹೆಸರಿನಲ್ಲಿತ್ತು. ಲೋಕವು ದಪ್ಪಕ್ಷರವನ್ನು ಓದಿ ಮೋಸಹೋಗುತ್ತದೆಯೆಂದು ಅವರು ಮತ್ತೊಮ್ಮೆ ಹೇಳಲು ಅವಕಾಶ ಒದಗಿತು.

ವ್ಯತಿರೇಕವನ್ನೂ ಸಾಧಿಸಿದ್ದಾಯಿತು. ಆಟದ ಸೆಟ್ಟಿಂಗಿನಲ್ಲಿ ಸೆಕೆಂಡಿಗೆ 60ಕ್ಕಿಂತ ಹೆಚ್ಚು ಚಿತ್ರ ಬರೆಯಬಾರದೆಂದು ಕಾರ್ಡಿಗೆ ಕಟ್ಟುಹಾಕಿದಾಗ ಮೂರ್ಛೆ ನಿಂತಿತು, ಕಟ್ಟು ಬಿಚ್ಚಿದಾಗ ಬಂದಿತು. ಆ ಕಟ್ಟಿನಲ್ಲಿಯೇ ಸಂತೋಷವಾಗಿರಬಾರದೇಕೆಂದು ನಾನು ಕೇಳಿದ್ದಕ್ಕೆ ಮೊಮ್ಮಗನು "ತಾತಾ, 60 ಫ್ರೇಮಲ್ಲಿ ಯಾರಾದ್ರೂ ಆಡ್ತಾರಾ?" ಎಂದು, ಅನಾಗರಿಕನೊಬ್ಬನನ್ನು ಕರುಣೆಯಿಂದ ನೋಡುವಂತೆ ನೋಡಿದನು. ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗುವುದೆಂದು ನಿಶ್ಚಯವಾಯಿತು. ಆ ಇಕ್ಕಟ್ಟಾದ ಬೀದಿಯಲ್ಲಿ ಮೊಳಕಾಲು ತಾಗಿಸಿಕೊಂಡು ನಿಂತ ಅಂಗಡಿಗಳ ಪೈಕಿ ಒಂದರಲ್ಲಿ, ವ್ಯಾಪಾರಿಯು ಎರಡು ಎಸ್.ಎಂ.ಪಿ.ಎಸ್.ಗಳನ್ನು ನನ್ನ ಎರಡು ಕೈಗಳಲ್ಲಿಟ್ಟು "ತೂಕ ನೋಡಿ ಸಾರ್, ಅಷ್ಟೇ" ಎಂದನು. ಪ್ರಮಾಣಶಾಸ್ತ್ರದಲ್ಲಿ ಇದಕ್ಕೆ ಸ್ಥಾನವಿಲ್ಲದಿರಬಹುದು, ಆದರೆ ಒಳಗೆ ತಾಮ್ರವೂ ಅಲ್ಯೂಮಿನಿಯಮ್ಮೂ ದೊಡ್ಡ ಕೆಪ್ಯಾಸಿಟರುಗಳೂ ಇದ್ದಲ್ಲಿ ತೂಕವಿರುತ್ತದೆಯೆಂಬುದು ಸತ್ಯ. ಈ ಡಬ್ಬಿಗಳಿಗೆ ಅವುಗಳ ದಕ್ಷತೆಗನುಸಾರವಾಗಿ 80 ಪ್ಲಸ್ ಎಂಬ ಹೆಸರಿನಲ್ಲಿ ಬ್ರಾಂಜ್, ಸಿಲ್ವರ್, ಗೋಲ್ಡ್, ಪ್ಲಾಟಿನಂ ಎಂಬ ಬಿರುದುಗಳಿವೆ. ಅಲ್ಲಿಂದಲೇ ಮನೆಗೆ ಫೋನು ಮಾಡಿ ಗೋಲ್ಡ್ ಕೊಳ್ಳುತ್ತಿದ್ದೇವೆಂದು ಮೊಮ್ಮಗನು ತಿಳಿಸಿದ್ದು ಅವಿವೇಕವಾಯಿತು. ಅಜ್ಜಿಯು, ಮದುವೆಯಾದಂದಿನಿಂದ ತನಗೆ ಬಾರದ ಗೋಲ್ಡು ಕಂಪ್ಯೂಟರಿಗೆ ಬಂದ ಬಗೆ ಹೇಗೆಂದು ತಿಳಿಯಬಯಸಿದಳು.

ಹೊಸ ಡಬ್ಬಿಯ ಮೇಲೆ 750 ವ್ಯಾಟ್ ಎಂದಿತ್ತು. ಅಡುಗೆಮನೆಯ ಮಿಕ್ಸಿಯ ಮೇಲೂ ಸರಿಯಾಗಿ ಅದೇ ಸಂಖ್ಯೆಯಿದೆಯೆಂಬುದನ್ನು ಹೆಂಡತಿಯೇ ಮೊದಲು ಗಮನಿಸಿದಳು. "ಅದೂ ಅಷ್ಟೇ, ಇದೂ ಅಷ್ಟೇ. ಅದರಿಂದ ಚಟ್ನಿಯಾದ್ರೂ ಬರುತ್ತೆ" ಎಂದಳು. ಕಾರ್ಡಿಗೆ ಎರಡು ಬೇರೆ ಬೇರೆ ತಂತಿಗಳನ್ನು ಜೋಡಿಸಿ ಮುಚ್ಚಳ ಹಾಕಿದ ದಿನದಿಂದ ಯಂತ್ರವು ಒಮ್ಮೆಯೂ ಬಿದ್ದಿಲ್ಲ. ಬಾಂಬುಗಳು ಸಿಡಿಯುತ್ತವೆ, ಹೊಗೆಯೇಳುತ್ತದೆ, ಕೊನೆಯ ಶತ್ರುವು ಕಡೆಯವರೆಗೂ ಕಣ್ಣೆದುರೇ ಇರುತ್ತಾನೆ. ಇದರಿಂದ ಮೊಮ್ಮಗನಿಗೆ ಒಂದು ಅನಿರೀಕ್ಷಿತವಾದ ಕಷ್ಟವುಂಟಾಗಿದೆ. ಅದುವರೆಗೆ ಅವನು ಗೆಲ್ಲಲಿದ್ದ ಪಂದ್ಯಗಳೆಲ್ಲ ಯಂತ್ರದಿಂದ ಕೆಟ್ಟಿದ್ದವೇ ಹೊರತು ಅವನು ಸೋತದ್ದಿಲ್ಲ. ಈಗ ಪಂದ್ಯಗಳು ಪೂರ್ತಿಯಾಗುತ್ತಿವೆ, ಮತ್ತು ಕೊನೆಯ ಶತ್ರುವು ತಿರುಗಿ ಗುಂಡು ಹಾರಿಸಬಲ್ಲನೆಂದು ಗೊತ್ತಾಗಿದೆ. ಈಚೆಗೆ ಅವನು ಇಂಟರ್‌ನೆಟ್ಟಿನ ಪಿಂಗನ್ನು ದೂರುತ್ತಿದ್ದಾನೆ. ಮುಂದಿನ ವಾರ ಮೌಸಿನ ಸರದಿ ಬರಬಹುದು.

ಇಂಜಿನಿಯರು ಈಗಲೂ ಸಂಜೆ ಬರುತ್ತಾರೆ. ಮೊದಮೊದಲು ವ್ಯಾಟ್ ಮೀಟರನ್ನು ನೋಡುವ ನೆಪವಿತ್ತು. ಆಮೇಲೆ ನೆಪವನ್ನು ಬಿಟ್ಟು, ಭಾರ ಬಂದಾಗ ವೋಲ್ಟೇಜು ಹೇಗೆ ನಿಲ್ಲುತ್ತದೆಯೆಂದು ತಾವೇ ಒಂದು ಸಲ ಆಡಿ ನೋಡುವೆನೆಂದು ಹೆಡ್‌ಫೋನು ಹಾಕಿಕೊಂಡರು. ದೂರದಿಂದ ಗುರಿಯಿಡುವ ಬಂದೂಕು ಅವರಿಗೆ ಬಹಳ ಒಗ್ಗುತ್ತದೆಯೆಂದು ಮೊಮ್ಮಗನ ಅಭಿಪ್ರಾಯ. ಲೈನ್ ಕ್ಲಿಯರಾಗುವವರೆಗೆ ಅಲ್ಲಾಡದೆ ಕಾಯುವುದರಲ್ಲಿ ಅವರಿಗೆ ಸರ್ವಿಸಿನ ಅನುಭವವಿದೆ. ಮೊನ್ನೆ ಹಾಗೆ ಬಹಳ ಹೊತ್ತು ಕಾದು, ಕೈಗೆ ಬಂದ ಬೇಟೆಯನ್ನು ಕೂದಲೆಳೆಯಲ್ಲಿ ತಪ್ಪಿಸಿಕೊಂಡು, ತಾವೇ ಗುಂಡು ತಿಂದು ಬಿದ್ದರು. ಪರದೆಯನ್ನು ಕೆಲಕಾಲ ದಿಟ್ಟಿಸಿ, ಹೆಡ್‌ಫೋನನ್ನು ತೆಗೆದಿಟ್ಟು, ಮಲ್ಟಿಮೀಟರಿಗಾಗಿ ಕೈಚಾಚುತ್ತ ನನ್ನ ಕಡೆಗೆ ತಿರುಗಿ ಹೇಳಿದರು: "ಆ ಟೈಮಿಗೆ ಸರಿಯಾಗಿ ಲೈನಲ್ಲೇ ಏನೋ ಆಗಿದೆ ಮೇಷ್ಟ್ರೇ, ಟ್ರಾನ್ಸ್‌ಫಾರ್ಮರ್ ಹತ್ರ ವೋಲ್ಟೇಜ್ ಬಿದ್ದಿರಬೇಕು."